ಸುಳಿಯಲ್ಲಿ ನಿಂತ ನೀರು

ಅನಾನಸ್ ಬೆಳೆಸಲು ದೊಡ್ಡ ಹಿತ್ತಿಲು ಬೇಕಿಲ್ಲ. ಹಣ್ಣಿನಂಗಡಿಯವನು ಕೊಯ್ದು ಎಸೆಯುವ ಹಸಿರು ಜುಟ್ಟನ್ನು ತಂದು, ಕೆಳಗಿನ ಎಲೆ ಕಿತ್ತು, ಕೆಲವು ದಿನ ನೆರಳಲ್ಲಿ ಒಣಗಿಸಿ ನೆಟ್ಟರೆ ಬೇರು ಬಿಡುತ್ತದೆ. ಬಿಸಿಲು ಚೆನ್ನಾಗಿರಬೇಕು, ನೆಟ್ಟವರಿಗೆ ತಾಳ್ಮೆ ಇರಬೇಕು, ಅಷ್ಟೆ. ಹೀಗೆ ಹಳೆಯ ಬಣ್ಣದ ಡಬ್ಬಿಗಳಲ್ಲಿ ಸಾಲು ಸಾಲು ಗಿಡ ಬೆಳೆಸಿದ ಒಬ್ಬ ಹೆಂಗಸನ್ನು ಬೀದಿಯವರೆಲ್ಲ ಅನಾನಸ್ ಅತ್ತೆ ಎನ್ನುತ್ತಿದ್ದರು.

ಗೋಡೆಯ ಆಚೆ ದರ್ಜಿ ಹೆಂಗಸಿನ ಮನೆ. ಅವಳ ಹೊಲಿಗೆ ಯಂತ್ರ ಇದ್ದದ್ದು ಹಿತ್ತಿಲ ಕಡೆಯ ಕಿಟಕಿಯ ಬಳಿ. ಯಂತ್ರ ತುಳಿಯುತ್ತಲೇ ಅತ್ತೆಯೊಡನೆ ಮಾತಾಡುತ್ತಿದ್ದಳು.

“ಮೊದಲ ಹಣ್ಣಲ್ಲಿ ಅರ್ಧ ನಂದು ಅತ್ತೆ. ಅದೂ ಬುಡದ ಕಡೆಯ ಅರ್ಧ. ಸಿಹಿ ಎಲ್ಲ ಅಲ್ಲೇ ಇರೋದು.”

“ಗಿರಾಕಿಗಳ ಬಟ್ಟೆಯಲ್ಲಿ ತುಂಡು ಉಳಿಸ್ಕೊಳ್ಳೋದು ಸಾಲದು ಅಂತ ನನ್ನ ಹಣ್ಣಿಗೂ ಕತ್ತರಿ ಹಾಕ್ತೀಯಾ?”

ಒಂದು ಬೆಳಿಗ್ಗೆ ಆರೋಗ್ಯ ಕಾರ್ಯಕರ್ತೆ ಬಂದಳು. ಬೀದಿಗೆಲ್ಲ ಆಕೆ ಸಿಸ್ಟರ್. ಡಬ್ಬಿಗಳ ಕೆಳಗೆ ಇಟ್ಟ ತಟ್ಟೆಗಳ ತುಂಬ ನೀರು. ಪ್ರತಿ ಗಿಡದ ನಡುವೆ ಎಲೆಗಳು ಕೂಡುವ ಸುಳಿಯಲ್ಲಿ, ಎಲೆಗಳ ಬುಡದಲ್ಲಿ ನೀರು. ಅದರಲ್ಲಿ ಕೂದಲೆಳೆಯಂಥ ಹುಳಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು.

“ಇದನ್ನೆಲ್ಲ ಚೆಲ್ಲಿಬಿಡಿ ಅತ್ತೆ.”

“ಇರ್ಲಿ ಬಿಡಿ ಸಿಸ್ಟರ್. ಗೊಬ್ಬರದ ತರಬೇತಿಯಲ್ಲಿ ಹೇಳಿಕೊಟ್ಟಿದಾರೆ, ಹುಳ ಇದ್ರೆ ಗಿಡಕ್ಕೆ ಒಳ್ಳೇದು ಅಂತ. ಹುಳ ನಮ್ಮ ಸ್ನೇಹಿತರಂತೆ.”

“ಅವರು ಹೇಳಿದ್ದು ಎರೆಹುಳದ ಮಾತು. ಅದು ಮಣ್ಣಲ್ಲಿರೋದು. ಇದು ಸೊಳ್ಳೆ ಮರಿ.”

ಕಿಟಕಿಯಿಂದ ದರ್ಜಿ ನಕ್ಕಳು. “ಅತ್ತೆ ಸ್ನೇಹಿತರು ಹಾಡುಹಗಲೇ ಬಂದು ನನ್ನ ಕಾಲಿಗೆ ಬೀಳ್ತಾರೆ ಸಿಸ್ಟರ್. ಎದ್ದು ಹೋಗೋವಾಗ ಗಂಧೆ ಬಿಟ್ಟು ಹೋಗ್ತಾರೆ.”

“ಹಗಲು ಕಚ್ಚೋದೇ ಡೆಂಗಿ ಸೊಳ್ಳೆ. ನಗಬೇಡಿ.”

ಅತ್ತೆಗೆ ಸಿಟ್ಟು ಬಂತು. “ಒಬ್ರು ಬಂದು ಹುಳ ಬೆಳೆಸು ಅಂತೀರಿ, ಇನ್ನೊಬ್ರು ಬಂದು ಚೆಲ್ಲು ಅಂತೀರಿ. ಮೊದಲು ನೀವೆಲ್ಲ ಕೂತು ಒಂದು ಮಾತಿಗೆ ಬನ್ನಿ.”

ಸಿಸ್ಟರ್ ವಾದಕ್ಕಿಳಿಯಲಿಲ್ಲ. ಆ ನೀರನ್ನೇ ಒಂದು ಗಾಜಿನ ಬಾಟಲಿಗೆ ತುಂಬಿ, ಬಾಯಿಗೆ ತೆಳು ಬಟ್ಟೆ ಬಿಗಿದು ಕಟ್ಟಿದಳು. “ಸ್ನೇಹಿತರಾದ್ರೆ ನೀರಲ್ಲೇ ಇರ್ತಾರೆ. ರೆಕ್ಕೆ ಬಂದ್ರೆ ನನ್ನ ಮಾತು ನಂಬಿ. ದಿನಾ ಒಂದು ಸಲ ನೋಡಿ, ಸಾಕು.”

ಹೋಗುವ ಮೊದಲು ತಟ್ಟೆಗಳನ್ನು ತಾನೇ ಮಗುಚಿದಳು. ಮರುದಿನ ಅತ್ತೆ ಮತ್ತೆ ತುಂಬಿಸಿದಳು. ಬಾಟಲಿಯನ್ನು ಅಕ್ಕಿ ಡಬ್ಬದ ಹಿಂದೆ ತಳ್ಳಿದವಳು ಮತ್ತೆ ಅದರ ಕಡೆ ನೋಡಲಿಲ್ಲ.

ಕೆಲವು ವಾರಗಳ ಮೇಲೆ ದರ್ಜಿಗೆ ಜ್ವರ ಬಂತು. ಕಣ್ಣಿನ ಹಿಂದೆ ನೋವು, ಮೂಳೆ ಮುರಿದಂಥ ಮೈನೋವು. ಅಂಗಡಿಯಿಂದ ತರಿಸಿದ ನೋವಿನ ಮಾತ್ರೆ ನುಂಗಿ ಮಲಗಿದಳು. ಜ್ವರ ಬಿಟ್ಟಿತು. ಎದ್ದು ಯಂತ್ರದ ಮುಂದೆ ಕೂತಳು.

“ಹೊಟ್ಟೆ ಹಿಂಡ್ತಿದೆ ಅತ್ತೆ. ವಾಂತಿ ನಿಲ್ತಿಲ್ಲ.”

“ಜ್ವರ ಬಿಡ್ತಲ್ಲ, ಇನ್ನೇನು ಭಯ? ಬರೀ ಹೊಟ್ಟೇಲಿ ಮಾತ್ರೆ ನುಂಗಿದ್ದೀಯ. ಸ್ವಲ್ಪ ಮಲಗು.”

ಸಂಜೆಗೆ ಅವಳ ಒಸಡಿನಿಂದ ರಕ್ತ ಬಂತು. ಲಾರಿ ಓಡಿಸುವ ಗಂಡ ಬಂದು, ನೋಡಿ, ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಡೆಂಗಿ ಎಂದರು. ತಡವಾಯಿತು ಎಂದರು. ಅವಳು ಜೀವಂತವಾಗಿ ಮನೆಗೆ ಮರಳಲಿಲ್ಲ.

ಸಿಸ್ಟರ್ ಮತ್ತೆ ಬಂದಾಗ ಅತ್ತೆ ಅಕ್ಕಿ ಡಬ್ಬ ಸರಿಸುತ್ತಿದ್ದಳು. ಬಾಟಲಿ ಅಲ್ಲೇ ಇತ್ತು. ನೀರಲ್ಲಿ ಒಂದು ಹುಳವೂ ಇರಲಿಲ್ಲ. ಸತ್ತ ಸೊಳ್ಳೆಗಳು ತೇಲುತ್ತಿದ್ದವು. ಕಪ್ಪು ಕಾಲುಗಳ ಮೇಲೆ ಬಿಳಿ ಪಟ್ಟೆ.

“ಅವಳನ್ನ ಕಚ್ಚಿದ್ದು ಇಲ್ಲಿಂದ ಹಾರಿದ್ದೇನಾ?”

“ಗೊತ್ತಿಲ್ಲ ಅತ್ತೆ. ಬೇರೆ ಮನೇದೂ ಇರಬಹುದು. ಇಲ್ಲಿಂದಲ್ಲ ಅಂತ ಹೇಳೋಕೆ ಮಾತ್ರ ನನಗಾಗಲ್ಲ.”

ಸಿಸ್ಟರ್ ಬೈದಿದ್ದರೆ ಅತ್ತೆ ತಿರುಗಿ ಬೈಯಬಹುದಿತ್ತು. ತಟ್ಟೆಗಳನ್ನು ಎತ್ತಿ, ಅಂಚಿಗೆ ಅಂಟಿದ ಮೊಟ್ಟೆ ಹೋಗುವಂತೆ ನಾರಿನಿಂದ ತಿಕ್ಕತೊಡಗಿದಳು.

ಮೊದಲ ಹಣ್ಣು ಮಾಗಿದಾಗ ಬುಡದ ಕಡೆಯ ಅರ್ಧವನ್ನು ಪಕ್ಕದ ಮನೆಗೆ ಒಯ್ದಳು. ದರ್ಜಿಯ ಗಂಡ ಹಣ್ಣನ್ನೂ ಅತ್ತೆಯನ್ನೂ ನೋಡಿದ.

“ಅವಳ ಪಾಲಿಗೆ ನಾನು ಕೈ ಹಾಕಲ್ಲ ಅತ್ತೆ.”

ಬಾಗಿಲು ಹಾಕಿಕೊಂಡ. ನಡುಗೋಡೆಯ ಮೇಲೆ ಇಟ್ಟು ಬಂದ ಹಣ್ಣಿಗೆ ಇರುವೆ ಹತ್ತಿತು.

ಗಿಡ ಬೆಳೆಸುವ ಅಕ್ಕಂದಿರೇ, ಅಣ್ಣಂದಿರೇ, ಅನಾನಸ್ ಗಿಡ ಕಿತ್ತೆಸೆಯಬೇಡಿ. ಮಣ್ಣು ಒಣಗಿದಾಗ ಮಣ್ಣಿಗಷ್ಟೇ ನೀರು ಹಾಕಿ. ಸುಳಿಯಲ್ಲಿ, ಎಲೆ ಬುಡದಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ತಪ್ಪದೆ ಕೊಳವೆ ನೀರಿನ ರಭಸದಿಂದ ಹೊರಚೆಲ್ಲಿ. ತಟ್ಟೆ ಬೇಕೇ ಬೇಕೆಂದರೆ ಅದರಲ್ಲಿ ಮರಳು ತುಂಬಿ. ಜ್ವರ ಬಂದರೆ ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ, ಡೆಂಗಿಯಲ್ಲಿ ಕೆಲವು ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ವಾಂತಿ, ರಕ್ತ ಕಂಡರೆ ಅದು ಗುಣವಾಗುವ ಲಕ್ಷಣವಲ್ಲ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಅತ್ತೆಯ ಮನೆಯಲ್ಲಿ ಬಾಟಲಿ ಇತ್ತು, ಅವಳು ನೋಡಲಿಲ್ಲ. ನಿಮ್ಮ ಕೈಯಲ್ಲಿ ಈ ಕಾಗದ ಇದೆ. ಇದನ್ನು ಕೆಳಗಿಟ್ಟು ಈಗಲೇ ಹಿತ್ತಿಲಿಗೆ ಹೋಗಿ.