ಹದಿಮೂರನೆಯ ಕಂತಿನ ನಂಬರು

ಮಾತಾಡುವ ರೈಲುಗಳ ಆ ಕಾರ್ಟೂನಿನ ಮೂರನೆಯ ಸೀಸನ್ ಕನ್ನಡ ಕಲಿತದ್ದು ಇಂಡಿಯಲ್ಲಿ, ಒಂದು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೋಣೆ ಅರುಣಕುಮಾರನದು. ಗೋಡೆಗೆಲ್ಲ ತತ್ತಿಯ ಟ್ರೇ ಬಡಿದು, ಬಾಗಿಲಿಗೆ ಎರಡು ಕೌದಿ ಇಳಿಬಿಟ್ಟು, ನಡುವೆ ಗಾಜಿನ ಅಡ್ಡಗೋಡೆ ನಿಲ್ಲಿಸಿ ಅವನು ಅದನ್ನು ಸ್ಟುಡಿಯೋ ಮಾಡಿಕೊಂಡಿದ್ದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಆಟೋದ ಮೇಲೆ ಮೈಕು ಕಟ್ಟಿಕೊಂಡು ತಿರುಗುವ ಸೀರೆ ಸೇಲಿನ ದನಿಗಳು, ಚುನಾವಣೆಯ ದನಿಗಳು ಹೆಚ್ಚುಪಾಲು ಅಲ್ಲಿಯೇ ಹುಟ್ಟಿದವು. ಹುಬ್ಬಳ್ಳಿಯ ಒಂದು ಕಂಪನಿ ಆ ಸಲ ಹದಿಮೂರು ಕಂತುಗಳ ಡಬ್ಬಿಂಗನ್ನು ಅವನಿಗೆ ಒಪ್ಪಿಸಿತ್ತು. ಮಾತು ಬರೆಯುವ ಕೆಲಸ ಸಂಘಮಿತ್ರಾಳದು.

ಸಂಘಮಿತ್ರಾ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಕಾರ್ಟೂನಿಗೆ ಮಾತು ಬರೆಯುವುದನ್ನೂ ಪ್ರಯೋಗಾಲಯದ ಕೆಲಸದಂತೆಯೇ ಮಾಡುತ್ತಿದ್ದಳು. ಪ್ರತಿ ದೃಶ್ಯಕ್ಕೂ ಒಂದು ಕೋಷ್ಟಕ. ಎಂಜಿನ್ನಿನ ಬಾಯಿ ತೆರೆದದ್ದು ಯಾವಾಗ, ಮುಚ್ಚಿದ್ದು ಯಾವಾಗ, ನಡುವೆ ಸೆಕೆಂಡಿನ ಎಷ್ಟು ಹತ್ತನೇ ಭಾಗ. ಎರಡು ತುಟಿ ಕೂಡಿದ ಜಾಗಕ್ಕೆ ಪ, ಬ, ಮ ಇವುಗಳಲ್ಲೊಂದು ಬರಬೇಕು. ಬೇರೆ ಅಕ್ಷರ ಬಂದರೆ ಮಕ್ಕಳಿಗೆ ಕೂಡ ಗೊತ್ತಾಗುತ್ತದೆ. ಈ ಲೆಕ್ಕದಲ್ಲಿ ಅವಳು ತಪ್ಪುತ್ತಿರಲಿಲ್ಲ.

ದನಿ ಕೊಡುವವರು ನಾಲ್ಕೂ ತಾಲ್ಲೂಕಿನವರು. ಜಂಬದ ಕೆಂಪು ಎಕ್ಸ್‌ಪ್ರೆಸ್ಸಿಗೆ ದನಿಯಾದ ಜೈನುದ್ದೀನ ಮುದ್ದೇಬಿಹಾಳದವನು, ಬಸ್ ಕಂಡಕ್ಟರ್. ಅವನ ಊರಿಗೆ ಹಳಿಯಿಲ್ಲ, ಅವನು ರೈಲು ಹತ್ತಿದವನೂ ಅಲ್ಲ. ಗುಬ್ಬಿ ಎಂಬ ಪುಟ್ಟ ಎಂಜಿನ್ನಿಗೆ ಬಸವನ ಬಾಗೇವಾಡಿಯ ಅಂಗನವಾಡಿ ಶಿಕ್ಷಕಿ ರಾಜಶ್ರೀ. ಮುಖ್ಯ ಪಾತ್ರಗಳಲ್ಲಿ ಉಳಿದದ್ದು ದೊಡ್ಡಪ್ಪ ಎಂಬ ಹಳೆಯ ಗೂಡ್ಸ್ ಎಂಜಿನ್ನು. ಅದಕ್ಕೆ ಗೊತ್ತುಮಾಡಿದ್ದ ನಟ ತನ್ನ ನಾಟಕ ಕಂಪನಿಯ ಜೊತೆ ಊರು ಬಿಟ್ಟಿದ್ದ. ಮಾತಿನ ಉದ್ದ ಅಳೆದು ನೋಡಲೆಂದು ಸಂಘಮಿತ್ರಾ ಮನೆಯಲ್ಲಿ ತನ್ನ ಅಪ್ಪ ಭೀಮಶ್ಯಾನಿಂದ ಆ ಮಾತುಗಳನ್ನು ಮೊಬೈಲಿಗೆ ಹೇಳಿಸಿದ್ದಳು. ಅರುಣಕುಮಾರ ಅದನ್ನು ಕೇಳಿ ಎರಡನೆಯ ಸಲ ಹಾಕಿಸಿಕೊಂಡ.

"ಅಕ್ಕಾರ, ನಟನ್ನ ಯಾಕ ಹುಡುಕಾಕತ್ತೀರಿ? ಎಂಜಿನ್ ನಿಮ್ಮ ಮನ್ಯಾಗ ಐತಿ," ಎಂದ.

ಭೀಮಶ್ಯಾ ಮೂವತ್ತೆರಡು ವರ್ಷ ರೈಲ್ವೆ ಗೇಟು ಕಾದವನು. ಇಂಡಿ ರೋಡ್ ಸ್ಟೇಷನ್ನಿನ ಆಚೆ, ಜೋಳದ ಹೊಲಗಳ ನಡುವೆ ಅವನ ಗೇಟಿತ್ತು. ಅವನು ನಿವೃತ್ತನಾದ ವರ್ಷವೇ ಹಳಿಯ ಕೆಳಗೆ ರಸ್ತೆ ತೋಡಿ ಗೇಟನ್ನು ಕಿತ್ತುಹಾಕಿದರು. ಪಕ್ಕದ ಕಾವಲು ಕೋಣೆ, ಆ ಗುಮಟಿಯಲ್ಲಿದ್ದ ಕರಿಯ ಫೋನೂ ಹೋಯಿತು. ಆಮೇಲಿನ ನಾಲ್ಕು ವರ್ಷ ಅವನಿಗೆ ಇಂಥ ಹೊತ್ತಿಗೆ ಇಂಥಲ್ಲಿ ಇರಬೇಕು ಎಂಬುದೇ ಇರಲಿಲ್ಲ. ಈಗ ಗುರುವಾರ ಬಂತೆಂದರೆ ಏಳಕ್ಕೇ ಇಸ್ತ್ರಿಯ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂಡುತ್ತಿದ್ದ. ರಿಕಾರ್ಡಿಂಗು ಇರುತ್ತಿದ್ದದ್ದು ಹನ್ನೊಂದಕ್ಕೆ.

"ಟೈರಿನ ಅಂಗಡಿ ಇನ್ನೂ ತೆರದಿರಂಗಿಲ್ಲ, ಇವರು ಡ್ಯೂಟಿಗೆ ಹೊಂಟಾರ," ಎನ್ನುತ್ತಿದ್ದಳು ಅವ್ವ ಗುಂಡವ್ವ, ಬುತ್ತಿ ಕಟ್ಟುತ್ತಲೇ.

ಹನ್ನೆರಡು ಕಂತು ಸರಾಗ ಮುಗಿದವು. ತಕರಾರು ಇರಲಿಲ್ಲವೆಂದಲ್ಲ. ಮೊದಲ ಕಂತಿನಲ್ಲಿಯೇ ಅವನು ಪರದೆಗೆ ಬೆರಳು ತೋರಿಸಿ, "ಕಡೀ ಡಬ್ಬಿಗೆ ದೀಪಿಲ್ಲ. ಗಾಡಿ ಪೂರಾ ಹೋತು ಅಂತ ಹೆಂಗ ತಿಳಿಬೇಕು?" ಎಂದಿದ್ದ. ಗಾಡಿ ದಾಟಿದ ಮೇಲೆ ಕಡೆಯ ಡಬ್ಬಿಯ ಗುರುತು ಕಂಡರೇ ಗೇಟು ತೆಗೆಯಬೇಕು. ಕಾಣದಿದ್ದರೆ ನಡುವೆ ಎಲ್ಲೋ ಡಬ್ಬಿ ಕಳಚಿ ನಿಂತಿದೆ ಎಂದರ್ಥ. ಚಿತ್ರ ತಾವು ಬರೆದದ್ದಲ್ಲ ಎಂದು ಸಂಘಮಿತ್ರಾ ಹೇಳಿದಾಗ ಮತ್ತೆ ಮೈಕಿನ ಕಡೆ ತಿರುಗಿದ್ದ.

ಹದಿಮೂರನೆಯ ಕಂತಿನಲ್ಲಿ ಮಂಜು ಬೀಳುತ್ತದೆ. ಗುಬ್ಬಿ ಮಕ್ಕಳನ್ನು ತುಂಬಿಕೊಂಡು ಬಂದು ದಾರಿ ಕಾಣದೆ ನಿಲ್ಲುತ್ತದೆ. ದೂರದಿಂದ ದೊಡ್ಡಪ್ಪ ಕೂಗುತ್ತಾನೆ: "ದಾರಿ ಖಾಲಿ ಐತಿ, ಬಾ." ಎರಡು ಸೆಕೆಂಡಿಗೂ ಕಡಿಮೆ ಮಾತು. ಆ ಗುರುವಾರ ಅದನ್ನು ಹನ್ನೊಂದು ಸಲ ರಿಕಾರ್ಡು ಮಾಡಿದರು. ಹನ್ನೊಂದು ಸಲವೂ ಭೀಮಶ್ಯಾ "ದಾರಿ ಖಾಲಿ ಐತಿ" ಎಂದು ನಿಂತ. "ಬಾ" ಬಂದಾಗ ಪರದೆಯ ಮೇಲಿನ ಬಾಯಿ ಮುಚ್ಚಿಹೋಗಿರುತ್ತಿತ್ತು. ನಾಲ್ಕು ಸಲ ಅದು ಬರಲೇ ಇಲ್ಲ.

"ಕಾಕಾ, ಬಾ ಅನ್ನೂದು ಒಂದ ಉಳೀತ್ರಿ," ಎಂದ ಅರುಣಕುಮಾರ. "ಮಂದೀನೆಲ್ಲಾ ಚಾಕ್ಕ ಬಾ ಬಾ ಅಂತ ಕರೀತೀರಿ. ಈ ಎಂಜಿನ್ ಏನ್ ಪಾಪ ಮಾಡೇತ್ರಿ?"

"ಎಂಜಿನ್ ಏನೂ ಮಾಡಿಲ್ಲೋ. ನಂಬರ್ ಎಲ್ಲೈತಿ?"

"ಯಾವ ನಂಬರ್ರಿ?"

ಸಂಘಮಿತ್ರಾಳಿಗೆ ಅದು ಗೊತ್ತಿತ್ತು. ಸಣ್ಣವಳಿದ್ದಾಗ ಗುಮಟಿಯಲ್ಲಿ ಕೂತು ನೋಡಿದ್ದಳು. ಗಾಡಿ ಬರುವ ಮೊದಲು ಸ್ಟೇಷನ್ ಮಾಸ್ತರರು ಫೋನ್ ಮಾಡಿ, ಎರಡಂಕಿಯ ಒಂದು ನಂಬರು ಹೇಳುತ್ತಿದ್ದರು. ಅಪ್ಪ ಅದನ್ನು ತಿರುಗಿ ಹೇಳಿ ಬರೆದುಕೊಳ್ಳುತ್ತಿದ್ದ. ಗೇಟು ಹಾಕಿ ಬಂದು ತನ್ನ ನಂಬರುಗಳ ಹಾಳೆಯಿಂದ ಒಂದು ನಂಬರು ಕೊಡುತ್ತಿದ್ದ. ದನಿ ಎಷ್ಟೇ ಗುರುತಿನದಾಗಿರಲಿ, ನಂಬರಿಲ್ಲದ ಮಾತು ಮಾತಲ್ಲ.

"ಇದು ಕಾರ್ಟೂನ್ ಕಾಕಾ," ಎಂದ ಅರುಣಕುಮಾರ. "ಎಂಜಿನ್ನಿಗೆ ಕಣ್ಣು ಮೂಗು ಅದಾವು. ಅದನ್ನ ಒಪ್ಕೊಂಡೀರಿ, ಇದಕ್ಯಾಕ ತಕರಾರು?"

"ಕಣ್ಣು ಇರ್ಲಿ. ಮಂಜು ಬಿದ್ದೈತಿ. ಕಣ್ಣಿದ್ರೂ ಏನ್ ಕಾಣತೈತಿ?"

ಅರುಣಕುಮಾರ ನಕ್ಕ. ಆದರೆ ಕರಾರಿನ ಕಾಗದ ಅವನ ಮೇಜಿನ ಮೇಲೆಯೇ ಇತ್ತು. ಒಂದು ಎಂಜಿನ್ನಿಗೆ ಹದಿಮೂರೂ ಕಂತಿನಲ್ಲಿ ಒಂದೇ ದನಿ ಇರಬೇಕು. ಶನಿವಾರ ಸಂಜೆ ಐದರೊಳಗೆ ಕಡೆಯ ಕಂತು ಹೋಗದಿದ್ದರೆ ಹುಬ್ಬಳ್ಳಿಯಲ್ಲಿ ತಯಾರಿರುವ ನಟನೊಬ್ಬ ದೊಡ್ಡಪ್ಪನ ಮಾತುಗಳನ್ನು ಮೊದಲಿನಿಂದ ಹೇಳುತ್ತಾನೆ. ಭೀಮಶ್ಯಾನ ಹನ್ನೆರಡು ಕಂತು ಅಳಿಸಿಹೋಗುತ್ತವೆ. ಇದನ್ನು ಅವನು ಭೀಮಶ್ಯಾನ ಎದುರೇ ಹೇಳಿದ. ಭೀಮಶ್ಯಾ ಕೇಳಿಸಿಕೊಂಡು, ಬುತ್ತಿಯ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದ.

ಮನೆಗೆ ನಡೆಯುವಾಗ ಸಂಘಮಿತ್ರಾ ಕೇಳಿದಳು. "ಅಪ್ಪಾ, ಯಾವಾಗರೆ ಏನರೆ ಆಗಿತ್ತೇನು? ನಂಬರ್ ತಗೊಳ್ಳಾರದ?"

"ಏನೂ ಆಗಿಲ್ಲವಾ. ಮೂವತ್ತೆರಡು ವರ್ಷ ಏನೂ ಆಗಿಲ್ಲ."

"ಮತ್ತ?"

"ಮತ್ತ ಅದಕ್ಕ ಅಲ್ಲೇನು ನಂಬರ್ ಇರೂದು?" ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದ. "ಹಟ ಮಾಡಾಕತ್ತೇನಿ ಅಂತ ತಿಳಕೋಬ್ಯಾಡ. ಅನಬೇಕು ಅಂತನ ನಿಂತಿರ್ತೇನಿ. ಬಾಯಿ ಬರಂಗಿಲ್ಲ."

ಅವಳು ಅದನ್ನು ನಂಬಿದಳು. ಹನ್ನೊಂದು ಸಲವೂ ಅವನು ಪ್ರಯತ್ನಿಸಿದ್ದನ್ನು ಗಾಜಿನ ಈಚೆಯಿಂದ ನೋಡಿದ್ದಳು. "ಬಾ" ಎನ್ನುವ ಕ್ಷಣಕ್ಕೆ ಅವನ ಬಲಗೈ ಮೇಜಿನ ಮೇಲೆ ಪೆನ್ನು ಹುಡುಕುತ್ತಿತ್ತು.

ಅಂದು ಮಧ್ಯಾಹ್ನ ಅವಳು ಕೋಷ್ಟಕ ತೆಗೆದು ಕೂತಳು. ಮಾತು ಬದಲಿಸುವಂತಿರಲಿಲ್ಲ. ಕೊನೆಯಲ್ಲಿ ತುಟಿ ಕೂಡಿ ತೆರೆಯುತ್ತದೆ, ಅಲ್ಲಿ "ಬಾ" ಬಿಟ್ಟು ಬೇರೆ ಕೂಡುವುದಿಲ್ಲ. ಆದರೆ ಅದಕ್ಕಿಂತ ಮೊದಲು ನಾಲ್ಕೂವರೆ ಸೆಕೆಂಡು ಪರದೆಯ ಮೇಲೆ ಬರೀ ಮಂಜು, ಅದರೊಳಗೆ ಗುಬ್ಬಿಯ ಒಂದು ದೀಪ. ಯಾರ ಬಾಯಿಯೂ ಕಾಣುವುದಿಲ್ಲ. ಮೂಲದಲ್ಲಿ ಅಲ್ಲಿ ಸಂಗೀತವಷ್ಟೇ ಇತ್ತು. ಗುಬ್ಬಿ ಒಂದು ನಂಬರು ಹೇಳಲಿಕ್ಕೆ ಒಂದೂಮುಕ್ಕಾಲು ಸೆಕೆಂಡು, ದೊಡ್ಡಪ್ಪ ಅದನ್ನು ತಿರುಗಿ ಹೇಳಲಿಕ್ಕೆ ಅಷ್ಟೇ. ಇನ್ನೂ ಒಂದು ಸೆಕೆಂಡು ಉಳಿಯುತ್ತಿತ್ತು. ಮೂಲದಲ್ಲಿ ಇಲ್ಲದ ಮಾತು ಸೇರಿಸಬಾರದು ಎಂದು ಕಂಪನಿಯ ಸೂಚನೆಗಳ ಆರನೆಯ ಸಾಲಿನಲ್ಲಿತ್ತು. ಅವಳು ಆ ಸಾಲನ್ನು ಎರಡು ಸಲ ಓದಿ, ಅಪ್ಪನಿಗೆ ಹಾಳೆ ತೋರಿಸಿದಳು.

"ಎರಡೂ ಕಡಿಂದ ಒಂದೊಂದು ಬೇಕು," ಎಂದ.

"ಅಷ್ಟು ಹೊತ್ತಿಲ್ಲಪಾ."

"ಇರ್ಲಿ. ಗೇಟೇನು ಕಾಣವಲ್ದು ಅಲ್ಲೆ. ಒಂದರೆ ಇರಬೇಕು."

ಶುಕ್ರವಾರ ರಾಜಶ್ರೀ ಬಸವನ ಬಾಗೇವಾಡಿಯಿಂದ ಬಂದು ಗುಬ್ಬಿಯ ದನಿಯಲ್ಲಿ "ನಲವತ್ತೇಳು" ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋದಳು. ಶನಿವಾರ ಕಾಲೇಜು ಮುಗಿಸಿ ಸಂಘಮಿತ್ರಾ ಎರಡೂವರೆಗೆ ಸ್ಟುಡಿಯೋಕ್ಕೆ ಬಂದಾಗ ಭೀಮಶ್ಯಾ ಮೈಕಿನ ಮುಂದೆ ಕೂತಿದ್ದ. ಎದುರಿಗೆ ಒಂದು ಬಿಳಿ ಹಾಳೆ, ಪೆನ್ನು. ಅರುಣಕುಮಾರ ಗುಬ್ಬಿಯ ದನಿ ಬಿಟ್ಟ. ಭೀಮಶ್ಯಾ ಬರೆದುಕೊಂಡ.

"ನಲವತ್ತೇಳು. ದಾರಿ ಖಾಲಿ ಐತಿ, ಬಾ."

ಎಲ್ಲಿಯೂ ನಿಲ್ಲಲಿಲ್ಲ. ಆದರೆ "ಬಾ" ಎನ್ನುವ ಹೊತ್ತಿಗೆ ಕೆಳಗೆ ಟೈರಿನ ಅಂಗಡಿಯಲ್ಲಿ ಯಾರೋ ಕಬ್ಬಿಣದ ಮೇಲೆ ಸುತ್ತಿಗೆ ಹೊಡೆದರು. ಕೌದಿಯನ್ನು ದಾಟಿ ಆ ಸದ್ದು ಮೈಕಿಗೆ ಬಿತ್ತು.

"ಒಂದ ನಿಮಿಷ, ಕಾಕಾ. ಇನ್ನೊಮ್ಮೆ ಹೊಡದಬಿಡೂಣು."

ಗುಬ್ಬಿ ಮತ್ತೆ ನಲವತ್ತೇಳು ಎಂದಿತು. ಭೀಮಶ್ಯಾ ಪೆನ್ನು ಕೆಳಗಿಟ್ಟ.

"ಕಾಕಾ?"

"ನಲವತ್ತೇಳು ಹೋತಲ್ಲ."

"ಎಲ್ಲಿ ಹೋತ್ರಿ?"

ಭೀಮಶ್ಯಾ ಹಾಳೆ ಎತ್ತಿ ಗಾಜಿಗೆ ಹಿಡಿದ. ನಲವತ್ತೇಳರ ಮೇಲೆ ನೀಟಾಗಿ ಒಂದು ಗೆರೆ ಎಳೆದಿತ್ತು. ಒಮ್ಮೆ ಬಳಸಿದ ನಂಬರನ್ನು ಹೊಡೆದುಹಾಕಬೇಕು, ಅದು ಇನ್ನೊಂದು ಗಾಡಿಗೆ ಬರುವುದಿಲ್ಲ.

ಸಂಘಮಿತ್ರಾ ಹಣೆಗೆ ಕೈ ಹಚ್ಚಿದಳು. ಸೆಕೆಂಡಿನ ಹತ್ತನೇ ಭಾಗವನ್ನೂ ಬಿಡದೆ ಅಳೆದವಳು ಆ ನಂಬರನ್ನು ಸ್ಥಿರಾಂಕ ಎಂದು ಎಣಿಸಿದ್ದಳು. ಅದು ಒಂದೇ ಸಲ ಉರಿಯುವ ಕಡ್ಡಿಯಂಥದು ಎಂಬುದನ್ನು ಗುಮಟಿಯಲ್ಲಿ ಕಣ್ಣಾರೆ ಕಂಡೂ ಮರೆತಿದ್ದಳು.

"ಕಾಕಾ, ಗಾಡಿ ಅದ ಐತಿ, ಗುಬ್ಬಿ ಅದ ಐತಿ," ಎಂದ ಅರುಣಕುಮಾರ. ಗಡಿಯಾರ ಮೂರು ದಾಟಿತ್ತು. "ಅದು ಹೋಗೇ ಇಲ್ರಿ, ಇಲ್ಲೇ ನಿಂತೈತಿ."

"ನಾ ಬಾ ಅಂದೇನಿ. ನನ್ನ ಲೆಕ್ಕದಾಗ ಅದು ಹೋತು. ಈಗ ನಿಂತದ್ದು ಎರಡನೇದು."

ಅರುಣಕುಮಾರ ಸಂಘಮಿತ್ರಾಳ ಕಡೆ ನೋಡಿದ. "ಅಕ್ಕಾರ, ನೀವರೆ ಹೇಳ್ರಿ."

ಅವಳು ಮೊಬೈಲು ತೆಗೆದು ರಾಜಶ್ರೀಗೆ ಹಚ್ಚಿದಳು.

"ನಂಬರ್ ಬೇಕಿತ್ತವಾ, ರಾಜಶ್ರೀ. ಇನ್ನೊಂದು."

"ಯಾರ ನಂಬರ್ರಿ ಅಕ್ಕಾ?"

"ಯಾರದೂ ಅಲ್ಲ. ಯಾವುದರೆ ಎರಡಂಕೀದು. ಗುಬ್ಬಿ ದನ್ಯಾಗ. ನಲವತ್ತೇಳು ಬ್ಯಾಡ."

ಅರುಣಕುಮಾರ ಮೊಬೈಲಿಗೆ ಒಂದು ತಂತಿ ಹಚ್ಚಿ ತನ್ನ ರಿಕಾರ್ಡಿಂಗ್ ಪೆಟ್ಟಿಗೆಗೆ ಸಿಕ್ಕಿಸಿದ. ಗುಬ್ಬಿಯ ಬಾಯಿ ಕಾಣದ ದೃಶ್ಯವಾದ್ದರಿಂದ ಯಾವ ನಂಬರಾದರೂ ಕೂಡುತ್ತಿತ್ತು. ಮಂಜಿನೊಳಗಿನ ದನಿ ಫೋನಿನ ದನಿಯಂತೆ ಕೇಳಿದರೂ ನಡೆಯುತ್ತಿತ್ತು. ಭೀಮಶ್ಯಾ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಪೆನ್ನು ಹಿಡಿದ. ಎಪ್ಪತ್ತು ಕಿಲೋಮೀಟರು ಆಚೆಯಿಂದ ಗುಬ್ಬಿಯ ದನಿ "ಇಪ್ಪತ್ಮೂರು" ಎಂದಿತು. ಆ ಸಲ ಅವನೇ ತೊದಲಿದ, ಗೆರೆ ಎಳೆದ. "ಎಪ್ಪತ್ತೊಂದು" ಎಂದಾಗ ರಸ್ತೆಯಲ್ಲಿ ಕಬ್ಬಿನ ಲಾರಿ ಹಾರ್ನು ಹೊಡೆಯಿತು, ಅದಕ್ಕೂ ಗೆರೆ. ಅರುಣಕುಮಾರ ಕೆಳಗಿಳಿದು ಹೋಗಿ ಟೈರಿನ ಅಂಗಡಿಯ ಶಂಕರೆಪ್ಪನಿಗೆ ಐದು ನಿಮಿಷ ಸುತ್ತಿಗೆ ಮುಟ್ಟಬೇಡ ಎಂದು ಹೇಳಿಬಂದ.

"ಕಾಕಾ, ಕೊಡ್ಲ್ಯಾ?" ಎಂದಳು ರಾಜಶ್ರೀ ಫೋನಿನಲ್ಲಿ.

"ಕೊಡವಾ."

"ಐವತ್ತೆಂಟು."

"ಐವತ್ತೆಂಟು. ದಾರಿ ಖಾಲಿ ಐತಿ, ಬಾ."

ಪರದೆಯ ಮೇಲೆ ಎರಡು ತುಟಿ ಕೂಡಿದವು, ತೆರೆದವು. ಅರುಣಕುಮಾರ ಹೆಬ್ಬೆರಳು ಎತ್ತಿದ. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಕಂತು ಹುಬ್ಬಳ್ಳಿಗೆ ಹೋಯಿತು.

ಸೋಮವಾರ ಕಂಪನಿಯಿಂದ ಮೇಲ್ ಬಂತು. ಮೂಲದಲ್ಲಿ ಇಲ್ಲದ ಮಾತು ಸೇರಿದೆ, ಕಾರಣ ತಿಳಿಸಬೇಕು, ಅಲ್ಲಿಯವರೆಗೆ ದೊಡ್ಡಪ್ಪನ ದನಿಯ ತೀರ್ಮಾನ ತಡೆಹಿಡಿದಿದೆ. ಸಂಘಮಿತ್ರಾ ಒಂದು ಪುಟ ಬರೆದಳು, ಓದಿದಳು, ಅಳಿಸಿದಳು. ಕೊನೆಗೆ ಒಂದೇ ಸಾಲು ಕಳಿಸಿದಳು: ಮಂಜಿನಲ್ಲಿ ಕರೆಯುವವರು ಯಾರೆಂದು ಕಾಣುವುದಿಲ್ಲ, ಅದಕ್ಕೆ ನಂಬರು. ಉತ್ತರ ಮೂರು ದಿನ ಬರಲಿಲ್ಲ. ಗುರುವಾರ ಭೀಮಶ್ಯಾ ಎಂದಿನಂತೆ ಇಸ್ತ್ರಿಯ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದ, ರಿಕಾರ್ಡಿಂಗು ಇರಲಿಲ್ಲ. ಮಧ್ಯಾಹ್ನ ಬಂದ ಇ-ಮೇಲಿನಲ್ಲಿ "ಓಕೆ" ಎಂದಷ್ಟೇ ಇತ್ತು. ಅವಳು ಹೊರಗೆ ಬಂದು ಹೇಳಿದಳು. ಭೀಮಶ್ಯಾ ತಲೆಯಾಡಿಸಿದ. ಒಳಗೆ ಹೋಗಿ ಅಂಗಿ ಬಿಚ್ಚಿ ಮೊಳೆಗೆ ಹಾಕಿದ.

ಆ ಕಂತು ಟಿವಿಯಲ್ಲಿ ಬಂದದ್ದು ಎರಡು ತಿಂಗಳ ನಂತರದ ಒಂದು ರವಿವಾರ, ಬೆಳಿಗ್ಗೆ ಒಂಬತ್ತೂವರೆಗೆ. ಗುಂಡವ್ವ ಓಣಿಯ ನಾಲ್ಕೈದು ಮಕ್ಕಳನ್ನು ಕರೆದು ಕೂಡಿಸಿದ್ದಳು. ಮಂಜು ಬಿತ್ತು, ದೀಪ ಕಂಡಿತು. ಐವತ್ತೆಂಟು ಎಂದಿತು ಗುಬ್ಬಿ. ಐವತ್ತೆಂಟು ಎಂದ ದೊಡ್ಡಪ್ಪ. ಮಕ್ಕಳು ತಿರುಗಿ ಭೀಮಶ್ಯಾನನ್ನು ನೋಡಿದರು. ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಗುಬ್ಬಿ ಮಂಜು ಸೀಳಿಕೊಂಡು ಬಂತು. ಎಂಜಿನ್ನು, ಮೊದಲ ಡಬ್ಬಿ, ಎರಡನೆಯದು, ಅಷ್ಟರಲ್ಲಿ ಚಿತ್ರ ಬದಲಾಗಿ ಸ್ಟೇಷನ್ನಿನಲ್ಲಿ ಎಲ್ಲರೂ ಕುಣಿಯುತ್ತಿದ್ದರು.

"ಮುಗೀತಲ್ರಿ. ಚಾ ಆರತೈತಿ, ಏಳ್ರಿ," ಎಂದಳು ಗುಂಡವ್ವ.

"ತಡಿ."

ಹೆಸರುಗಳು ಬರತೊಡಗಿದವು. ಎಲ್ಲ ಪರದೇಶದ ಹೆಸರುಗಳು, ಸಣ್ಣ ಅಕ್ಷರ. ಇಂಡಿಯವರದು ಒಂದೂ ಇರಲಿಲ್ಲ. ಇರುವುದಿಲ್ಲವೆಂದು ಸಂಘಮಿತ್ರಾಳಿಗೆ ಮೊದಲೇ ಗೊತ್ತಿತ್ತು, ಅಪ್ಪ ಅದನ್ನು ಹುಡುಕುತ್ತಿದ್ದಾನೇನೋ ಎಂದುಕೊಂಡಳು. ಅವನ ಕಣ್ಣು ಅಕ್ಷರಗಳ ಕೆಳಗಿತ್ತು. ಅಲ್ಲಿ ಗುಬ್ಬಿ ಎಡದಿಂದ ಬಲಕ್ಕೆ ಸಣ್ಣದಾಗಿ ಓಡುತ್ತಿತ್ತು, ಈ ಸಲ ಪೂರ್ತಿ ಗಾಡಿ. ಕಡೆಯ ಡಬ್ಬಿಯ ಹಿಂದೆ ಯಾರೋ ಒಂದು ಕೆಂಪು ಚುಕ್ಕಿ ಬರೆದಿದ್ದರು. ಅದು ಪರದೆಯ ಅಂಚು ದಾಟಿತು.

"ಹೋತು," ಎಂದು ಭೀಮಶ್ಯಾ ಎದ್ದು ಚಹಾದ ಕಪ್ಪು ತೆಗೆದುಕೊಂಡ.