ನೂರನೆಯ ಚೀಲ

ಕನ್ನಡಕದಂಗಡಿಯ ಯಜಮಾನರು ತೊಂಬತ್ತೊಂಬತ್ತು ಸಲ ರಕ್ತದಾನ ಮಾಡಿದ್ದರು. ಇದು ನಿಮಗೆ ಗೊತ್ತಿಲ್ಲವೆಂದರೆ ನೀವು ಅವರ ಅಂಗಡಿಯ ಮೆಟ್ಟಿಲೇ ಹತ್ತಿಲ್ಲ ಬಿಡಿ. ಕಣ್ಣು ತೋರಿಸಲು ಬಂದವರು ಅಕ್ಷರದ ಹಲಗೆ ಓದುವ ಮೊದಲು ಗೋಡೆ ತುಂಬ ತೂಗಿದ ಪ್ರಮಾಣಪತ್ರಗಳನ್ನು ಓದಿ, "ಅಬ್ಬಾ!" ಎನ್ನಲೇಬೇಕಿತ್ತು. ಎನ್ನದವರಿಗೆ ಕನ್ನಡಕ ಒಂದು ವಾರ ತಡವಾಗುತ್ತಿತ್ತು.

ಸುಮ್ಮನೆ ಆಡಿಕೊಳ್ಳಬಾರದು, ಪಟ್ಟ ಪಾಡೂ ಅಷ್ಟೇ ಇತ್ತು. ಇಪ್ಪತ್ತೆಂಟು ವರ್ಷ! ಟೈಫಾಯ್ಡ್ ಬಂದು ಒಂದು ವರ್ಷ ಹಾಳಾಯಿತು. ರಕ್ತ ಸಾಲದು ಎಂದು ಎರಡು ಸಲ ವಾಪಸ್ ಕಳಿಸಿದರು. ಆಮೇಲೆ ಯಜಮಾನರು ಹಟ ಹಿಡಿದು ಮೂರು ಹೊತ್ತೂ ಬೀಟ್‌ರೂಟ್ ತಿಂದರು. ಅವರ ಹೆಂಡತಿ ಇವತ್ತಿಗೂ ತರಕಾರಿ ಅಂಗಡಿಯಲ್ಲಿ ಬೀಟ್‌ರೂಟ್ ಕಂಡರೆ ಮುಖ ತಿರುಗಿಸುತ್ತಾರೆ.

ಇಷ್ಟಕ್ಕೆಲ್ಲ ಕಾರಣ ಎದುರು ಸಾಲಿನ ಔಷಧಿಯಂಗಡಿಯವರು. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ಒಂದೇ ವಯಸ್ಸು. ಸಾಲದ್ದಕ್ಕೆ ಇಬ್ಬರದೂ ಒಂದೇ ಅಪರೂಪದ ನೆಗೆಟಿವ್ ರಕ್ತ. ಊರಿನ ದಾನಿಗಳ ಪಟ್ಟಿಯಲ್ಲಿ ಆ ರಕ್ತದವರು ಇವರಿಬ್ಬರೇ. ಔಷಧಿಯಂಗಡಿಯವರು ಎಂಟು ಸಲ ಮುಂದಿದ್ದರು. ಆ ಎಂಟೂ ಸಲ ಯಾರೋ ಕರೆದರೆಂದು ನೇರವಾಗಿ ಆಸ್ಪತ್ರೆಗೆ ಹೋಗಿ ಕೊಟ್ಟದ್ದು. ಯಜಮಾನರು ರಕ್ತದಾನಿಗಳ ಸಂಘದ ಸಭೆಯಲ್ಲಿ ಮೇಜು ಗುದ್ದಿ ಹೊಸ ನಿಯಮ ಮಾಡಿಸಿದರು: ಸಂಘದ ಶಿಬಿರದಲ್ಲಿ ಕೊಟ್ಟದ್ದು ಮಾತ್ರ ಲೆಕ್ಕಕ್ಕೆ. ಎಂಟೂ ಅಳಿಸಿ ಹೋಗಿ ಇಬ್ಬರೂ ತೊಂಬತ್ತೊಂಬತ್ತಕ್ಕೆ ಬಂದು ನಿಂತರು. ಔಷಧಿಯಂಗಡಿಯವರು ನಕ್ಕು ಸುಮ್ಮನಾದದ್ದು ಯಜಮಾನರಿಗೆ ಇನ್ನಷ್ಟು ಉರಿ ತಂದಿತು.

ಈಗ ಬಂದದ್ದು ಕೊನೆಯ ಶಿಬಿರ. ಎರಡು ತಿಂಗಳಲ್ಲಿ ಇಬ್ಬರಿಗೂ ಅರವತ್ತೈದು ತುಂಬುತ್ತದೆ, ಆಮೇಲೆ ಯಾರೂ ಇವರ ರಕ್ತ ಮುಟ್ಟುವುದಿಲ್ಲ. ಭಾನುವಾರ ವೇದಿಕೆಯ ಮೇಲೆ ಎರಡು ಮಂಚ. ಯಾರ ಚೀಲ ಮೊದಲು ತುಂಬುತ್ತದೋ ಅವರಿಗೆ 'ಮಾನವಕುಲದ ಬಂಧು' ಎಂಬ ಆಳೆತ್ತರದ ಟ್ರೋಫಿ. ಯಜಮಾನರು ಮೂರು ತಿಂಗಳಿನಿಂದ ರಬ್ಬರ್ ಚೆಂಡು ಹಿಸುಕಿ ನರ ಹುರಿಗೊಳಿಸುತ್ತಿದ್ದರು.

ಗುರುವಾರ ಬೆಳಿಗ್ಗೆ ಆಸ್ಪತ್ರೆಯಿಂದ ಡಾಕ್ಟರಮ್ಮ ಫೋನ್ ಮಾಡಿದರು.

"ಸರ್, ಹೆರಿಗೆ ಆದ ಹುಡುಗಿ. ರಕ್ತಸ್ರಾವ ನಿಲ್ತಾನೇ ಇಲ್ಲ. ನಿಮ್ಮದೇ ಗುಂಪು. ಸ್ವಲ್ಪ ಬೇಗ ಬರ್ತೀರಾ?"

ಯಜಮಾನರ ಕೈಯಲ್ಲಿದ್ದ ಚೆಂಡು ನಿಂತಿತು. ಇವತ್ತು ಕೊಟ್ಟರೆ ಇನ್ನು ಮೂರು ತಿಂಗಳು ಕೊಡುವಂತಿಲ್ಲ. ಭಾನುವಾರಕ್ಕೆ ಎಳ್ಳುನೀರು!

"ನಂಗೆ ವಿಪರೀತ ಜ್ವರ ಕಣಮ್ಮಾ," ಎಂದು ಎರಡು ಸಲ ಕೆಮ್ಮಿ ಫೋನಿಟ್ಟರು.

"ಜ್ವರಾನಾ? ಈಗ ತಾನೆ ಚೆಂಡು ಹಿಸುಕ್ತಾ ಹಾಡು ಹೇಳ್ತಿದ್ರಲ್ರೀ," ಎಂದರು ಹೆಂಡತಿ. "ಆ ಹುಡುಗಿಗೆ ಏನಾದ್ರೂ ಆದ್ರೆ?"

"ನಿಂಗೆ ಅರ್ಥ ಆಗಲ್ಲ ಬಿಡು. ಇದು ಒಬ್ಬಳ ಪ್ರಶ್ನೆ ಅಲ್ಲ, ಇಡೀ ಮಾನವಕುಲದ್ದು."

ಹೆಂಡತಿ ಅವರನ್ನು ಒಮ್ಮೆ ನೋಡಿ ಒಳಗೆ ಹೋದರು. ಯಜಮಾನರಿಗೆ ಎದೆಯಲ್ಲಿ ಚುರುಕ್ಕೆಂದದ್ದು ನಿಜ. ಆದರೆ ಸಂಜೆ ಸುದ್ದಿ ಬಂತು: ಔಷಧಿಯಂಗಡಿಯವರು ಅಂಗಡಿ ಬಾಗಿಲು ಎಳೆದು ಓಡಿಹೋಗಿ ರಕ್ತ ಕೊಟ್ಟರಂತೆ, ಹುಡುಗಿ ಉಳಿದಳಂತೆ. ಹುಡುಗಿಯೂ ಉಳಿದಳು, ಟ್ರೋಫಿಯೂ ಉಳಿಯಿತು! ಯಜಮಾನರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಒಂದು ಮಂಚ ಖಾಲಿ. ಇನ್ನೊಂದರಲ್ಲಿ ಇಸ್ತ್ರಿ ಅಂಗಿಯ ಯಜಮಾನರು, ಬಾಯಿ ಹತ್ತಿರ ಮೈಕು. ಎದುರಾಳಿಯೇ ಇಲ್ಲದ ಓಟದಲ್ಲಿ ಅವರು ಜೋರಾಗಿ ಚೆಂಡು ಹಿಸುಕುತ್ತಿದ್ದರು. ಚೀಲ ತುಂಬಿತು, ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ಜನರನ್ನು ಸರಿಸಿಕೊಂಡು ವೇದಿಕೆ ಹತ್ತಿ ಬಂದಳು.

"ಗುರುವಾರ ನನ್ನ ಮಗಳಿಗೆ ರಕ್ತ ಕೊಟ್ಟೋರು ನೀವೇ ಅಲ್ವಾ ಅಣ್ಣಾ?"

ಹೌದು ಎನ್ನಲು ಯಜಮಾನರು ಬಾಯಿ ತೆರೆದರು. ಎರಡನೇ ಸಾಲಿನಲ್ಲಿ ಔಷಧಿಯಂಗಡಿಯವರು ಕೂತಿದ್ದು ಕಂಡಿತು.

"ಅಲ್ಲಮ್ಮಾ. ನಂಗೆ ಅವತ್ತು ಜ್ವರ. ಇಲ್ದಿದ್ರೆ ಓಡಿ ಬರ್ತಿದ್ದೆ."

"ಅಯ್ಯೋ ದೇವರೇ! ಜ್ವರದಿಂದ ಎದ್ದು ಬಂದು ಕೊಡ್ತಿದ್ದೀರಾ?" ಆಕೆ ಅವರ ಹಣೆಯ ಮೇಲೆ ಅಂಗೈ ಇಟ್ಟಳು. ಮೈಕಿನಲ್ಲಿ ಕೇಳಿದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಚೀಲಕ್ಕೆ ಚೀಟಿ ಅಂಟಿಸುತ್ತಿದ್ದ ನರ್ಸ್ ಮಾತ್ರ ಗಕ್ಕನೆ ನಿಂತಳು. "ಮೂರು ದಿನದ ಹಿಂದೆ ಜ್ವರಾನಾ ಸರ್? ಫಾರಮ್ಮಲ್ಲಿ ಇಲ್ಲ ಅಂತ ಬರೆದಿದ್ದೀರಲ್ಲ! ಇದನ್ನ ಯಾರಿಗೂ ಹಾಕೋ ಹಾಗಿಲ್ಲ. ಬಿಸಾಡ್ಬೇಕು."

ಸಂಘದ ಅಧ್ಯಕ್ಷರು ಮೈಕಿಗೆ ಕೈ ಅಡ್ಡ ಹಿಡಿದು ಬಗ್ಗಿದರು. "ಬಿಸಾಡ್ಲಿ ಬಿಡಿ ಸಾರ್. ನೂರು ನೂರೇ. ನೋಡಿ, ಜನ ಹೇಗೆ ಕುಣೀತಿದ್ದಾರೆ! ಬಾಯಿ ಬಿಡ್ಬೇಡಿ, ಟ್ರೋಫಿ ನಿಮ್ದೇ."

ಯಜಮಾನರು ಚೀಲ ನೋಡಿದರು. ಒಳ್ಳೆಯ ರಕ್ತ, ಒಂದಿಷ್ಟೂ ಐಬಿಲ್ಲದ್ದು. ಊರಿನಲ್ಲಿ ಈ ಗುಂಪಿನ ಇನ್ನೊಂದು ಚೀಲ ಇಲ್ಲ, ನಾಳೆ ಮತ್ತೊಬ್ಬ ಹುಡುಗಿಗೆ ಬೇಕಾದರೆ ಕೊಡುವವರೂ ಇಲ್ಲ. ಇದನ್ನು ಕಸದ ಡಬ್ಬಿಗೆ ಹಾಕುತ್ತಾರೆ! ಇಪ್ಪತ್ತೆಂಟು ವರ್ಷದಲ್ಲಿ ಲೆಕ್ಕಕ್ಕಾಗಿ ಅಲ್ಲದೆ ರಕ್ತಕ್ಕಾಗಿ ಸಂಕಟಪಟ್ಟದ್ದು ಇದೇ ಮೊದಲು. ಅವರು ಅಧ್ಯಕ್ಷರ ಕೈ ತಳ್ಳಿದರು.

"ಬಿಸಾಡ್ಬೇಡಿ. ನಂಗೆ ಜ್ವರ ಬಂದೇ ಇರ್ಲಿಲ್ಲ. ಗುಂಡುಕಲ್ಲಿನ ಹಾಗಿದ್ದೆ. ಇವತ್ತಿಗೆ ಬೇಕು ಅಂತ ಉಳಿಸ್ಕೊಂಡೆ."

ಚಪ್ಪಾಳೆ ಅಲ್ಲಲ್ಲೇ ನಿಂತಿತು. "ನಿಜಾನಾ ಸರ್?" ಎಂದಳು ನರ್ಸ್.

"ನಮ್ಮನೆಯವಳನ್ನೇ ಕೇಳಿ."

ಮುಂದಿನ ಸಾಲಿನಲ್ಲಿದ್ದ ಹೆಂಡತಿ ತಲೆ ಎತ್ತದೆ ಹೌದೆಂದು ತಲೆಯಾಡಿಸಿದರು. ನರ್ಸ್ ಚೀಲವನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು.

ಹೆಂಗಸಿನ ಅಂಗೈ ಇನ್ನೂ ಯಜಮಾನರ ಹಣೆಯ ಮೇಲಿತ್ತು. ಆಕೆ ಅದನ್ನು ತೆಗೆದುಕೊಂಡಳು. ಬೈಯುತ್ತಾಳೆ ಎಂದುಕೊಂಡು ಅವರು ಕಣ್ಣು ಮುಚ್ಚಿದರು, ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹಾಗಾದ್ರೆ ಕೊಟ್ಟೋರು ಯಾರು?" ಎಂದಷ್ಟೇ ಕೇಳಿದಳು.

ಯಜಮಾನರು ಹತ್ತಿ ಅಂಟಿಸಿದ ಕೈಯನ್ನೇ ಎತ್ತಿ ಎರಡನೇ ಸಾಲಿಗೆ ತೋರಿಸಿದರು. ಆಕೆ ಹಿಂತಿರುಗಿಯೂ ನೋಡದೆ ವೇದಿಕೆ ಇಳಿದು ಅತ್ತ ಹೋದಳು.