ಎರಡು ಸ್ವರಗಳ ನಡುವಿನ ಗಂಟೆ

ಕ್ಯಾಸೆಟ್ ಕಂಪನಿ ನಡೆಸುವ ಅಲ್ಬೇನಾ ನನ್ನ ಆಲ್ಬಮ್ ಕೇಳಿ ಕಳಿಸಿದ ಉತ್ತರ ಮೂರೇ ಸಾಲಿನದು. "ನಲವತ್ತು ನಿಮಿಷವನ್ನೂ ಕೂತು ಕೇಳಿದೆ, ಜೋರ್ನಿತ್ಸಾ. ಬಹಳ ಸ್ವಚ್ಛವಾಗಿದೆ, ಆದರೆ ಒಳಗೆ ಯಾರೂ ಇಲ್ಲ. ಭಾನುವಾರದೊಳಗೆ ಬೇರೆ ಕಳಿಸಿದರೆ ಕ್ಯಾಸೆಟ್ ಹೊರತರುತ್ತೇನೆ, ಇಲ್ಲದಿದ್ದರೆ ಈ ವರ್ಷದ ಜಾಗ ಇನ್ನೊಬ್ಬರಿಗೆ."

ಅಂದು ಬುಧವಾರ. ಆ ಮಾತನ್ನು ಡೈರಿಗೆ ಇಳಿಸಿಕೊಂಡೆ. ಅಳು ಬರಬೇಕಿತ್ತು, ಬರಲಿಲ್ಲ. ಒಳಗೆ ಯಾರಿರಬೇಕಿತ್ತು ಎನ್ನುವ ಪ್ರಶ್ನೆ ಮಾತ್ರ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಉಳಿಯಿತು.

ನನ್ನ ಸಂಗೀತದಲ್ಲಿ ಹಾಡಿಲ್ಲ, ತಾಳವಿಲ್ಲ. ಎರಡು ಸಿಂಥಸೈಜರುಗಳು ಒಂದು ಶ್ರುತಿಯನ್ನು ಹಿಡಿದು ನಿಲ್ಲುತ್ತವೆ, ಅಷ್ಟೆ. ಕೇಳುವವರು ನೆಲದ ಮೇಲೆ ಮಲಗಿ ಕೇಳುತ್ತಾರೆ. ಒಂದು ಹೊಸದು, ಅಂಗೈಯಗಲದ್ದು, ಹೇಳಿದ ಮಾತು ಕೇಳುತ್ತದೆ. ಇನ್ನೊಂದು ನನಗಿಂತ ಹದಿನೈದು ವರ್ಷ ಹಿರಿಯದು, ಕಬ್ಬಿಣದ ಪೆಟ್ಟಿಗೆಯಂತಿದೆ. ಬಿಸಿಯಾಗುತ್ತಾ ಹೋದಂತೆ ಅದರ ಸ್ವರ ಜಾರುತ್ತದೆ. ಹಾಗಾಗಿ ದಿನವೂ ಅದನ್ನು ಎರಡು ಗಂಟೆ ಮೊದಲೇ ಹಚ್ಚಿಟ್ಟು, ಶ್ರುತಿ ಅಳೆಯುವ ಮುಳ್ಳು ಸರಿಯಾಗಿ ನಡುವೆ ನಿಂತ ಮೇಲೆಯೇ ಧ್ವನಿಮುದ್ರಣ ಶುರುಮಾಡುತ್ತಿದ್ದೆ. ಆಮೇಲೂ ಎಲ್ಲಾದರೂ ಎರಡು ಸ್ವರಗಳ ನಡುವೆ ನಡುಕ ಕೇಳಿಸಿದರೆ ಆ ಭಾಗವನ್ನು ಕತ್ತರಿಸಿ ತೆಗೆಯುತ್ತಿದ್ದೆ. ಎಂಟು ತಿಂಗಳು ಇದೇ ಕೆಲಸ.

ಪದವಿ ಮುಗಿದ ಮೇಲೆ ಸೋಫಿಯಾ ನಗರದ ಬಾಡಿಗೆ ಕೋಣೆ ಬಿಟ್ಟು, ವಿತೊಶಾ ಬೆಟ್ಟದ ಬುಡದಲ್ಲಿರುವ ತ್ಸೋನಾ ಅಜ್ಜಿಯ ಮನೆಯ ಅಟ್ಟಕ್ಕೆ ಬಂದಿದ್ದೆ. ನನ್ನ ಅಜ್ಜಿಯ ತಂಗಿ ಅವಳು. ಅಟ್ಟದಲ್ಲಿ ಗೋಡೆ ಬಡಿಯುವ ನೆರೆಯವರಿಲ್ಲ.

ಗುರುವಾರ ಅಂಗಳದಲ್ಲಿ ಕೆಂಪು ದೊಣ್ಣೆಮೆಣಸು ಸುಡುವ ಕೆಲಸವಿತ್ತು. ಎದುರುಮನೆಯ ಸೆವ್ದಾ ಅಜ್ಜಿಯೂ ಸಿಪ್ಪೆ ಸುಲಿಯಲು ಬಂದಿದ್ದಳು. ಐವತ್ತು ವರ್ಷದಿಂದ ಇಬ್ಬರದೂ ಜೋಡಿ ಹಾಡು. ಸೆವ್ದಾ ಹಾಡು ಹೇಳುತ್ತಾಳೆ, ತ್ಸೋನಾ ಕೆಳಗಿನ ಒಂದೇ ಸ್ವರವನ್ನು ಗುಂಯ್ ಎಂದು ಹಿಡಿದಿರುತ್ತಾಳೆ.

"ಏನೇ, ಮುಖ ಸುಟ್ಟ ಮೆಣಸಿನಕಾಯಿ ಆಗಿದೆ?" ಎಂದಳು ತ್ಸೋನಾ.

ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ.

"ಎಂಟು ತಿಂಗಳಿಂದ ನಿನ್ನ ಫ್ರಿಜ್ಜಿನ ಹಾಡು ನಾನೂ ಕೇಳ್ತಿದೀನಿ ಮಗಳೇ," ಎಂದಳು ಸೆವ್ದಾ. "ನಮ್ಮ ಆಡು ಕೂಡ ಅಭ್ಯಾಸ ಮಾಡ್ಕೊಂಡ್ಬಿಟ್ಟಿದೆ."

"ಸುಮ್ನಿರೇ ನೀನು. ನಡಿ, ಮೇಲೆ ಹೋಗಿ ನೋಡೋಣ."

ಇಬ್ಬರೂ ಮೊಣಕಾಲು ಹಿಡಿದುಕೊಂಡು ಅಟ್ಟ ಹತ್ತಿದರು. ಮಸಿಗೈಗಳನ್ನು ಯಂತ್ರಕ್ಕೆ ತಾಗಿಸಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಸ್ವರ ಹಚ್ಚಿದೆ. ಸೆವ್ದಾ ಸ್ಪೀಕರಿನ ಬಳಿ ಬಗ್ಗಿ, ಗೆಳತಿಯ ಕಿವಿಗೆ ಹಾಡುವ ಹಾಗೆಯೇ ಅದಕ್ಕೆ ಬಾಯಿ ಹತ್ತಿರವಿಟ್ಟು ಒಂದು ಸಾಲು ಹಾಡಿದಳು. ನಡುವೆ ನಿಲ್ಲಿಸಿಬಿಟ್ಟಳು.

"ಇದು ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತೆ ಕಣೇ. ಗಂಟೆನೇ ಹೊಡೀತಿಲ್ಲ."

"ಯಾವ ಗಂಟೆ?" ಎಂದೆ.

ಇಬ್ಬರೂ ನನ್ನನ್ನು ನೋಡಿದರು. "ಇಲ್ಲೇ ಹುಟ್ಟಿದೋಳು!" ಎಂದಳು ಸೆವ್ದಾ. "ಓದಿಸಿದ್ದು ಯಾಕೋ!"

ಚೆನ್ನಾಗಿ ಹಾಡಿದವರನ್ನು ನಮ್ಮೂರಲ್ಲಿ 'ಗಂಟೆ ಹೊಡೆದ ಹಾಗೆ' ಎನ್ನುತ್ತಾರೆ. ಅದು ಬರಿಯ ಹೊಗಳಿಕೆ ಎಂದೇ ನಾನು ತಿಳಿದಿದ್ದೆ. ಅವರು ಒಬ್ಬರ ಸೊಂಟಪಟ್ಟಿಯನ್ನು ಇನ್ನೊಬ್ಬರು ಹಿಡಿದು, ಭುಜಕ್ಕೆ ಭುಜ ಒತ್ತಿ ನಿಂತರು. ತ್ಸೋನಾ ಸ್ವರ ಹಿಡಿದಳು. ಸೆವ್ದಾ ಅದರ ಪಕ್ಕಕ್ಕೆ ಬಂದಳು, ಪಕ್ಕಕ್ಕೆ ಮಾತ್ರ, ಮೇಲೆ ಬೀಳಲಿಲ್ಲ. ಎರಡೂ ಸ್ವರಗಳು ಒಂದಾಗದೆ ಉಜ್ಜಾಡತೊಡಗಿದವು. ಆಗ ಇಬ್ಬರಲ್ಲಿ ಯಾರದೂ ಅಲ್ಲದ ಒಂದು ಕಂಪನ ಎದ್ದು ಕಿಟಕಿಯ ಗಾಜನ್ನು ಜುಮ್ಮೆನ್ನಿಸಿತು. ನನ್ನ ಕೆಳದವಡೆಯಲ್ಲೂ ಅದು ಇತ್ತು. ಮುಳ್ಳಿನ ಕಡೆ ನೋಡಿದೆ. ಯಾರ ಕಡೆ ನಿಲ್ಲಬೇಕೆಂದು ತಿಳಿಯದೆ ಅದು ಅತ್ತಿತ್ತ ಹಾರುತ್ತಿತ್ತು.

ಎಂಟು ತಿಂಗಳು ನಾನು ಕತ್ತರಿಸಿ ಎಸೆದದ್ದು ಇದನ್ನೇ.

"ಹಲ್ಲಿಗೆ ಗೊತ್ತಾಯ್ತಾ?" ಎಂದಳು ತ್ಸೋನಾ, ಉಸಿರು ತೆಗೆದುಕೊಳ್ಳುತ್ತಾ. "ನನ್ನ ಹಲ್ಲು ಕಟ್ಟಿಸಿದ್ದು, ಆದ್ರೂ ಗೊತ್ತಾಗುತ್ತೆ."

ಹಳೆಯ ಯಂತ್ರದ ತಿರುಗುಣಿಯನ್ನು ಮೆಲ್ಲಗೆ ತಿರುಗಿಸಿದೆ. ನಡುಕ ಎದ್ದಿತು. "ಇನ್ನೊಂಚೂರು," ಎಂದಳು ಸೆವ್ದಾ. "ಇನ್ನೊಂಚೂರು... ಅಯ್ಯೋ, ದಾಟ್ಬಿಟ್ಟೆ! ನೊಣದ ರೆಕ್ಕೆಯಷ್ಟು ಅಂದ್ರೆ ಕುದುರೆಯಷ್ಟು ಹೋಗ್ತೀಯಲ್ಲೇ!" ಸ್ವರಗಳು ಹತ್ತಿರವಾದಷ್ಟೂ ನಡುಕ ನಿಧಾನವಾಗುತ್ತಿತ್ತು, ದೂರವಾದಷ್ಟೂ ಬಿರುಸು. ಅವರು ಕೆಳಗಿಳಿದು ಹೋದದ್ದೂ ತಿಳಿಯದಂತೆ ಸಂಜೆಯವರೆಗೆ ಅದನ್ನೇ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಇನ್ನೊಂದು ಯೋಚನೆ ಬಂತು. ಚೀಸ್ ತುಂಬಿದ ಬಾನಿತ್ಸಾ ಸುರುಳಿ ಸುತ್ತುತ್ತಿದ್ದ ತ್ಸೋನಾಳ ಮುಂದೆ ನಿಂತು ಅಳುಕುತ್ತಾ ಕೇಳಿದೆ. "ನೀವಿಬ್ಬರೂ ನನ್ನ ಆಲ್ಬಮ್ಮಲ್ಲಿ ಹಾಡ್ತೀರಾ?"

"ನಾವು ಹಾಡಿದ್ರೆ ಅದು ನಮ್ಮ ಹಾಡಾಗುತ್ತೆ," ಎಂದಳು ಹಿಟ್ಟಿನ ಕೈ ಎತ್ತದೆ. "ಅಟ್ಟದಲ್ಲಿ ನಿನ್ನವರಿಬ್ಬರು ಇದಾರಲ್ಲ, ಅವರನ್ನೇ ಜಗಳಕ್ಕೆ ಬಿಡು. ಆ ಮುದುಕಂಗೆ ಮೊದಲಿಂದ್ಲೂ ಜಗಳ ಆಡೋ ಆಸೆ. ನೀನೇ ದಿನಾ ಗದರಿಸಿ ಕೂರಿಸ್ತಿದ್ದೆ."

ಗದರಿಸದೆ ಇದ್ದರೆ ಏನಾಗುತ್ತದೆ? ಬಿಸಿಯಾಗುವ ತನಕ ಕಾಯದೆ, ತಣ್ಣಗಿರುವಾಗಲೇ ಹಚ್ಚಿ, ಮೊದಲ ಕ್ಷಣದಿಂದ ಮುದ್ರಿಸಿದರೆ? ಹಳೆಯದು ಜಾರಲಿ, ಹೊಸದು ನಿಂತಿರಲಿ. ಒಂದು ತೊಡಕಿತ್ತು. ಯಂತ್ರ ಪೂರ್ತಿ ತಣ್ಣಗಾಗಲು ಒಂದಿಡೀ ದಿನ ಬೇಕು. ಅಂದರೆ ಉಳಿದಿದ್ದು ಎರಡೇ ಅವಕಾಶ, ಶನಿವಾರದ್ದೊಂದು, ಭಾನುವಾರದ್ದೊಂದು.

ಶನಿವಾರ ಹತ್ತೊಂಬತ್ತನೆಯ ನಿಮಿಷದವರೆಗೆ ಚೆನ್ನಾಗಿತ್ತು. ಆಗ ಅಂಗಳದಲ್ಲಿ ಸೆವ್ದಾ ತನ್ನ ಮೆಣಸು ಸುಡುವ ಪಾತ್ರೆಯನ್ನೂ ನಮ್ಮದರ ಪಕ್ಕದಲ್ಲಿ ವಿದ್ಯುತ್ತಿಗೆ ಸಿಕ್ಕಿಸಿದಳು. ಇಡೀ ಮನೆಯ ಫ್ಯೂಸು ಹಾರಿತು. ಅಟ್ಟದ ಸದ್ದಡಗಿತು.

ಕೆಳಗಿನಿಂದ ಕೂಗು ಬಂತು. "ನಾನಲ್ಲಪ್ಪಾ!"

"ನೀನಲ್ದೆ ಇನ್ಯಾರು, ಬಿಷಪ್ಪಾ?" ತ್ಸೋನಾಳ ದನಿ.

ಎಂದೂ ದನಿ ಎತ್ತದವಳು ಮೆಟ್ಟಿಲ ಮೇಲೆ ನಿಂತು ಕಿರುಚಿದೆ. "ನಾಳೆ ಮಧ್ಯಾಹ್ನದ ತನಕ ಈ ಮನೇಲಿ ಯಾರೂ ಮೆಣಸಿನಕಾಯಿ ಮುಟ್ಟಕೂಡದು!"

ಅವರು ನಗಲಿಲ್ಲ. ಭಾನುವಾರ ಸೆವ್ದಾ ಚರ್ಚಿಗೆ ಹೋಗುವ ಮುನ್ನ ತನ್ನ ಮನೆಯ ಪಾತ್ರೆಯ ತಂತಿಯನ್ನೂ ಕಿತ್ತು, ಸುತ್ತಿ ಚೀಲದಲ್ಲಿ ಹಾಕಿಕೊಂಡು ಹೋದಳಂತೆ.

ಎರಡೂ ಯಂತ್ರಗಳನ್ನು ಹಚ್ಚಿದೆ. ಕೈ ತಿರುಗುಣಿಯ ಕಡೆ ಹೋಗದಿರಲೆಂದು ಅಂಗೈಗಳ ಮೇಲೆಯೇ ಕುಳಿತೆ. ಮೊದಲು ಬಿರುಸು ನಡುಕ, ತಗಡಿನ ಮೇಲೆ ಕಾಳು ಸುರಿದ ಹಾಗೆ. ಅದು ಸ್ವಲ್ಪ ಸ್ವಲ್ಪವೇ ನಿಧಾನವಾಯಿತು. ಇಪ್ಪತ್ತಾರನೆಯ ನಿಮಿಷದಲ್ಲಿ ಹಳೆಯದು ಹೊಸದರ ಮೈಮೇಲೆ ಬಂದು ನಿಂತುಬಿಟ್ಟಿತು. ನಡುಕವಿಲ್ಲ. ಅಲ್ಲೇ ಉಳಿದುಬಿಟ್ಟರೆ ಮತ್ತೆ ಅದೇ ಸ್ವಚ್ಛ, ಅದೇ ಖಾಲಿ. ತಿರುಗಿಸಿಬಿಡಲೇ ಎನ್ನಿಸಿತು. ತಿರುಗಿಸಲಿಲ್ಲ. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಹಾಗೆ ನಿಂತು, ಹಳೆಯದು ತನ್ನ ಪಾಡಿಗೆ ಆಚೆ ಬದಿಗೆ ದಾಟಿತು. ಗಂಟೆ ಮತ್ತೆ ಶುರುವಾಯಿತು, ಈ ಬಾರಿ ಕೆಳಗಿನಿಂದ.

ಮಧ್ಯಾಹ್ನವೇ ಕಳಿಸಿದೆ. ಸಂಜೆ ಅಲ್ಬೇನಾ ಬರೆದಳು: "ಮಾರ್ಚಿಗೆ ಕ್ಯಾಸೆಟ್. ನಡುವೆ ಎರಡೂ ಒಂದಾಗಿ, ಆಮೇಲೆ ಅಡ್ಡ ಹಾಯ್ದು ಹೋದವಲ್ಲ, ಅದನ್ನು ಹೇಗೆ ಮಾಡಿದೆ?"

ನಾನೇನೂ ಮಾಡಲಿಲ್ಲ ಎಂದು ಬರೆದೆ. ಜಂಬದ ಹಾಗೆ ಕೇಳಿಸೀತೆಂದು ಅಳಿಸಿದೆ. ಬೇರೆ ಏನೂ ತೋಚದೆ ಮತ್ತೆ ಅದನ್ನೇ ಬರೆದು ಕಳಿಸಿದೆ.